ಕೊನೆಯ ನಾಲ್ಕು ನಿಮಿಷ

ಮೂರನೇ ಸಲವೂ ಪ್ಲೇಯರ್ ‘ಡಿಸ್ಕ್ ಇಲ್ಲ’ ಎಂದೇ ತೋರಿಸಿತು. ಹಾಡಿನ ಟೀಚರಮ್ಮ ಡಿಸ್ಕನ್ನು ಹೊರಗೆಳೆದು, ಕರವಸ್ತ್ರದಿಂದ ತಿಕ್ಕಿ, ಮತ್ತೆ ತುರುಕಿದರು. ಊಹೂಂ.

“ಕದ್ದ ಮಾಲು, ಅದೂ ಕಳಪೆ!” ಎಂದು ಹಲ್ಲು ಕಡಿದರು.

ಅದನ್ನು ಕೊಂಡು ಒಂದು ಗಂಟೆಯೂ ಆಗಿರಲಿಲ್ಲ. ಬಸ್ ನಿಲ್ದಾಣದ ಪಕ್ಕ, ನೆಲದ ಮೇಲೆ ಹಾಸಿದ ಪ್ಲಾಸ್ಟಿಕ್ಕಿನ ಮೇಲೆ ಬಾಚಣಿಗೆ, ಬೀಗಗಳ ನಡುವೆ ಬಿದ್ದಿತ್ತು. ‘ಹಾಡು ಕಲಿಯಿರಿ: ಹತ್ತು ಪಾಠ’. ಹೊದಿಕೆ ಮಸುಕು ಮಸುಕಾದ ಜೆರಾಕ್ಸು. ಮಾರುವವ ಹಲ್ಲು ಕಿರಿದಿದ್ದ. “ಒಂದೊಂದು ಡಿಸ್ಕು ಹಾಡಲ್ಲ ಮೇಡಂ. ವಾಪಸ್ ತನ್ನಿ, ಬದಲಾಯಿಸಿ ಕೊಡ್ತೀನಿ.”

ಹತ್ತು ಪಾಠ! ಹನ್ನೊಂದು ವರ್ಷ ಗಂಟಲು ಹರಿದುಕೊಂಡು ಕಲಿಸಿದ್ದರ ಸಾರವನ್ನೆಲ್ಲ ಟೀಚರಮ್ಮ ಆ ಹತ್ತು ಪಾಠಗಳಲ್ಲಿ ಹಾಡಿಟ್ಟಿದ್ದರು. ಸೇರಿದ ಮಗುವಿಗೆ ಒಂದೇ ಒಂದು ಡಿಸ್ಕು, ನಕಲು ಮಾಡುವುದಿಲ್ಲವೆಂದು ಅಪ್ಪ ಅಮ್ಮನ ಸಹಿ ಹಾಕಿಸಿಕೊಂಡ ಮೇಲೆ. ಪಾಠ ಬೀದಿಯಲ್ಲೇ ಸಿಗುವುದಾದರೆ ಇವರ ಶೆಡ್ಡಿನ ಕ್ಲಾಸಿಗೆ ಯಾರು ಬಂದಾರು?

ಗಂಡ ತರಕಾರಿಗೆ ಹೋಗಿದ್ದರು. ಟೀಚರಮ್ಮ ದಡದಡನೆ ಮಹಡಿ ಹತ್ತಿದರು. ಅಲ್ಲಿ ಗಂಡನ ಡಿಸ್ಕ್ ಬರೆಯುವ ಯಂತ್ರವಿತ್ತು. ಆ ಮನುಷ್ಯ ಜನ್ಮದಲ್ಲಿ ಹೆಂಡತಿಯನ್ನು ಕೇಳದೆ ಕೊಂಡ ವಸ್ತು ಅದೊಂದೇ. ನಿವೃತ್ತಿಯಾದ ಮೇಲೆ ಮಕ್ಕಳ ಡಿಸ್ಕುಗಳನ್ನೆಲ್ಲ ಅವರೇ ಬರೆಯುತ್ತಿದ್ದರು. ಅದಕ್ಕೂ ಬೈಗುಳ ತಪ್ಪಿದ್ದಲ್ಲ.

“ಹಾಡು ಮುಗೀತಲ್ರೀ, ಇನ್ನೂ ಏನು ಕಾವು ಕೊಡ್ತಾ ಕೂತಿದೀರಿ?”

“ಕೊನೇಲಿ ಮುಚ್ಚೋ ಕೆಲಸ ಇದೆ ಕಣೇ. ನಾಲ್ಕೇ ನಿಮಿಷ.”

ನಾಲ್ಕು ನಿಮಿಷ ಕಾಯುವ ಜಾಯಮಾನ ಟೀಚರಮ್ಮನದಲ್ಲ. “ರೀ!” ಎಂದರೆ ಮುಗಿಯಿತು, ಗಂಡ ಇದ್ದದ್ದನ್ನು ಇದ್ದಹಾಗೆ ಬಿಟ್ಟು ಓಡಿ ಬರಬೇಕು. ಬರುತ್ತಲೂ ಇದ್ದರು.

ಯಂತ್ರಕ್ಕೆ ಡಿಸ್ಕ್ ಹಾಕಿದರು. ಒಂದು ಕ್ಷಣ ಗುರುಗುಟ್ಟಿ ಅದು ಹಾಡತೊಡಗಿತು. ತಮ್ಮದೇ ದನಿ! ಮೂರನೇ ಪಾಠದ ನಡುವೆ ತಾವು ಕೆಮ್ಮಿದ್ದ ಕೆಮ್ಮು ಕೂಡ ಹಾಗೇ ಇತ್ತು. ಟೀಚರಮ್ಮನ ಮೈಯೆಲ್ಲ ಉರಿದುಹೋಯಿತು. ಹತ್ತೂ ಪಾಠ ಮುಗಿಯುವವರೆಗೆ ಕದಲದೆ ಕೇಳಿದರು.

ಕಳ್ಳ ಯಾರೆಂದು ಯೋಚಿಸಲು ನಿಮಿಷವೂ ಹಿಡಿಯಲಿಲ್ಲ. ಜೆರಾಕ್ಸ್ ಅಂಗಡಿಯವ! ಬೆಳಗಿನಿಂದ ಸಂಜೆಯವರೆಗೆ ನಕಲು ತೆಗೆಯುವುದೇ ಆತನ ಕಸುಬು. ಹೋದ ತಿಂಗಳು ತಾನೇ ಬಂದು, “ಮಗಳ ಡಿಸ್ಕಿಗೆ ಗೀರು ಬಿದ್ದಿದೆ ಟೀಚರ್, ಇನ್ನೊಂದು ಕೊಡ್ತೀರಾ?” ಎಂದು ಹಲ್ಲುಗಿಂಜಿದ್ದ. ಭಾನುವಾರದ ಕಾರ್ಯಕ್ರಮದಲ್ಲಿ ಒಬ್ಬಳೇ ಹಾಡಬೇಕಾದವಳು ಅವನ ಮಗಳು. ಕ್ಲಾಸಿನಲ್ಲಿ ಅಂಥ ಗಂಟಲು ಇನ್ನೊಂದಿರಲಿಲ್ಲ. ಇರಲಿ, ಕಳ್ಳನ ಮಗಳಿಗೆ ವೇದಿಕೆ ಬೇರೆ ಕೇಡು!

ಗೇಟಿನಲ್ಲಿ ಕಿರ್ ಕಿರ್ ಸದ್ದಾಯಿತು. ಗಂಡನ ಹೊಸ ಬೂಟು. ಅವರ ತಂಗಿ ಕೊಡಿಸಿದ್ದಂತೆ. ಹೆಜ್ಜೆಗೊಂದು ಅಪಸ್ವರ.

ಟೀಚರಮ್ಮ ಬಾಗಿಲಲ್ಲೇ ತಡೆದು ಡಿಸ್ಕನ್ನು ಗಂಡನ ಮೂಗಿಗೆ ಹಿಡಿದರು. “ಕಳ್ಳ ಸಿಕ್ಕಿಬಿದ್ದ! ಜೆರಾಕ್ಸ್‌ನವನು. ಇವತ್ತೇ ಎಲ್ಲರ ಮುಂದೆ ಮಾನ ಹರಾಜು ಹಾಕ್ತೀನಿ. ಮಗಳಿಗೂ ಗೇಟ್‌ಪಾಸ್.”

ಗಂಡನ ಮುಖ ಬಿಳಿಚಿಕೊಂಡಿತು. ಪುಕ್ಕಲು ಮನುಷ್ಯ, ಜಗಳವೆಂದರೆ ಜ್ವರ ಬರುತ್ತದೆ.

“ಬಿಟ್ಬಿಡೇ. ಆ ಹುಡುಗಿ ಏನು ಮಾಡಿದ್ದಾಳೆ ಪಾಪ. ಅವನು ಕದ್ದಿರೋದಿಲ್ಲ.”

“ನಿಮಗೇನ್ರೀ ಗೊತ್ತು?”

“ನನಗೇನು ಗೊತ್ತು,” ಎಂದು ಗಂಡ ತರಕಾರಿ ಚೀಲ ಕೆಳಗಿಟ್ಟರು.

ಸಂಜೆ ಶೆಡ್ಡು ತುಂಬಿತ್ತು. ಮಕ್ಕಳನ್ನು ಕರೆದೊಯ್ಯಲು ಬಂದ ಅಪ್ಪ ಅಮ್ಮಂದಿರನ್ನೆಲ್ಲ ಟೀಚರಮ್ಮ ನಿಲ್ಲಿಸಿಕೊಂಡಿದ್ದರು. ಗಂಡ ಹಿಂದೆ, ಬಾಗಿಲ ಬಳಿ ನಿಂತಿದ್ದರು.

“ನಮ್ಮ ನಡುವೆ ಒಬ್ಬ ಕಳ್ಳ ಇದಾನೆ,” ಎಂದು ಟೀಚರಮ್ಮ ನೇರ ಜೆರಾಕ್ಸ್ ಅಂಗಡಿಯವನತ್ತ ಬೆರಳು ಮಾಡಿದರು. “ಮಗಳ ಡಿಸ್ಕ್ ನಕಲು ಮಾಡಿ ಬೀದೀಲಿ ಮಾರ್ತಿದೀರಲ್ಲ, ನಾಚಿಕೆ ಆಗಲ್ವಾ ನಿಮಗೆ? ಭಾನುವಾರ ಇವಳು ಹಾಡೋ ಹಾಗಿಲ್ಲ. ನಾಳೆಯಿಂದ ಕ್ಲಾಸಿಗೂ ಬರಬೇಡಿ.”

ಹುಡುಗಿ ಬಿಕ್ಕಿದಳು. ಅಮ್ಮಂದಿರು ಗುಸುಗುಸು ಎಂದರು. ಆತ ಮಾತ್ರ ಏನೂ ಆಗಿಲ್ಲವೆಂಬಂತೆ ಕೈ ಚಾಚಿದ.

“ಎಲ್ಲಿ, ಕೊಡಿ. ನಾವೂ ಕೇಳೋಣ.”

ಕ್ಲಾಸಿನ ಪ್ಲೇಯರಿಗೆ ಹಾಕಿದ. ಡಿಸ್ಕ್ ಇಲ್ಲ. ಒಬ್ಬ ತಾಯಿ ಚೀಲದಿಂದ ಮಗನ ಪುಟ್ಟ ಪ್ಲೇಯರ್ ತೆಗೆದುಕೊಟ್ಟಳು. ಅದರಲ್ಲೂ ಡಿಸ್ಕ್ ಇಲ್ಲ.

“ಇದರಲ್ಲಿ ಏನೂ ಇದ್ದ ಹಾಗಿಲ್ಲ, ಟೀಚರ್.”

“ಸುಳ್ಳು! ಮೊದಲಿಂದ ಕೊನೇವರೆಗೆ ಕಿವಿಯಾರೆ ಕೇಳಿದೀನಿ. ಹತ್ತೂ ಪಾಠ, ನನ್ನ ಕೆಮ್ಮಿನ ಸಮೇತ!”

ಆತ ಡಿಸ್ಕನ್ನು ಬೆರಳಲ್ಲಿ ತಿರುಗಿಸಿ ನೋಡಿದ.

“ಹಾಗಾದ್ರೆ ಇದನ್ನ ಮುಚ್ಚಿಲ್ಲ ಟೀಚರ್. ಜೆರಾಕ್ಸ್‌ಗೆ ಮುಂಚೆ ನಂದೂ ಇದೇ ಕಸುಬು. ಬರೆದಾದ ಮೇಲೆ ಕೊನೇಲಿ ನಾಲ್ಕು ನಿಮಿಷ ಕಾದು ಮುಚ್ಚಬೇಕು, ಆಗಲೇ ಎಲ್ಲಾ ಪ್ಲೇಯರ್‌ನಲ್ಲೂ ಹಾಡೋದು. ಅರ್ಧಕ್ಕೆ ಎದ್ದು ಹೋದ್ರೆ ಆ ಡಿಸ್ಕು ಅದನ್ನ ಬರೆದ ಯಂತ್ರದಲ್ಲೇ ಹಾಡಬೇಕು, ಬೇರೆಲ್ಲೂ ಬಾಯಿ ಬಿಡಲ್ಲ.” ಆತ ತಲೆ ಎತ್ತಿದ. “ನೀವು ಎಲ್ಲಿ ಕೇಳಿದ್ರಿ?”

ಟೀಚರಮ್ಮ ಬಾಯಿ ತೆರೆದರು. “ಮಹಡಿ ಮೇಲೆ, ನಮ್ಮನೆಯವರ ಯಂತ್ರ...” ಎನ್ನುತ್ತಲೇ ಬಾಗಿಲ ಕಡೆ ತಿರುಗಿದರು.

ಹಿಂದಿನಿಂದ ಹೊಸ ಬೂಟಿನ ಕಿರ್ ಕಿರ್ ಸದ್ದು ಗೇಟಿನ ಕಡೆಗೆ ಹೊರಟಿತ್ತು.