ಎಂಟು ಕೋಶಗಳು
ಹಸಿರು ಪಾಚಿಯ ಒಂಟಿ ಕೋಶ ಒಡೆದು ಎರಡಾದರೆ, ಎರಡೂ ತಮ್ಮ ತಮ್ಮ ದಾರಿ ಹಿಡಿಯುತ್ತವೆ. ಅವನ್ನು ತಿನ್ನುವ ಜೀವಿಯನ್ನು ಅದೇ ನೀರಿಗೆ ಬಿಟ್ಟರೆ, ಹೆದರಿಕೆಗಾದರೂ ಅವು ಒಟ್ಟಿಗೆ ಉಳಿದಾವೇ ಎಂದು ವಾರಿಜಾ ವರ್ಷಗಳಿಂದ ಪ್ರಯೋಗಾಲಯದಲ್ಲಿ ಕಾದಿದ್ದಳು. ಆ ಮಧ್ಯಾಹ್ನ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟವಳು ವಿದ್ಯಾರ್ಥಿಗಳನ್ನು ಕೂಗಿ ಕರೆದಳು. ಎಂಟು ಕೋಶಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ಜೀವದಂತೆ ತೇಲುತ್ತಿದ್ದವು. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಗಂಡನ ಫೋನ್ ಬಂತು.

"ರೀ, ಎಂಟಾಗಿದೆ ಕಣ್ರೀ! ಎಂಟೂ ಒಟ್ಟಿಗೇ ಇವೆ!"

ಆ ಕಡೆ ಅವನು ಬಿಕ್ಕಿದ್ದು ಕೇಳಿಸಿತು.

"ಆಸ್ಪತ್ರೆಯವ್ರು ಫೋನ್ ಮಾಡಿದ್ರಾ? ಅಲ್ಲಿ ಬೆಳೆಸ್ತಿದ್ದ ನಮ್ಮ ಭ್ರೂಣ ಎಂಟು ಕೋಶ ಆಯ್ತಾ? ಕೊನೆಗೂ ದೇವ್ರು ಕಣ್ಣು ಬಿಟ್ಟ ಕಣೇ!" ಫೋನ್ ಹಿಡಿದುಕೊಂಡೇ ಅವನು ಅಡುಗೆಮನೆಯತ್ತ ಕೂಗಿದ. "ಅಮ್ಮಾ, ದೇವರಿಗೆ ದೀಪ ಹಚ್ಚು!"

ಸಂಜೆ ಮನೆಗೆ ಹೋಗಿ, ಅವನ ಪಕ್ಕದಲ್ಲಿ ಕೂತು ಹೇಳಬೇಕೆಂದು ಅದುಮಿಟ್ಟುಕೊಂಡಿದ್ದ ಮಾತನ್ನು ವಾರಿಜಾ ಈಗಲೇ ಆಡಬೇಕಾಯಿತು.

"ನಾನು ಹೇಳಿದ್ದು ಪಾಚಿ ವಿಷಯ ರೀ. ಆಸ್ಪತ್ರೆಯವ್ರು ಬೆಳಿಗ್ಗೇನೇ ಫೋನ್ ಮಾಡಿದ್ರು, ನಮ್ಮದು ನಾಲ್ಕಕ್ಕೇ ನಿಂತುಹೋಯ್ತಂತೆ."