ನಡುಹೊಳೆಯ ಮೋಟಾರು

ಕೀಲಿ ತಿರುವಿದಾಗಲೆಲ್ಲ ದೋಣಿಯ ಮೋಟಾರು ಟಕ್ ಎನ್ನುತ್ತಿತ್ತು, ಅಷ್ಟೇ. ಮೌನಪ್ಪ ಅದರ ಜನ್ಮ ಜಾಲಾಡಿದ. ನೀರೊಳಗಿನ ಫ್ಯಾನಿಗೆ ಸಿಕ್ಕಿದ್ದ ಮೀನಿನ ಬಲೆ ಬಿಡಿಸಲು ನಡುಹೊಳೆಯಲ್ಲಿ ಎಂಜಿನ್ ನಿಲ್ಲಿಸಿದ್ದ. ಬಲೆಯೇನೋ ಬಿಟ್ಟಿತು, ಮೋಟಾರು ಮುನಿಸಿಕೊಂಡಿತು.

ಕೃಷ್ಣೆ ತುಂಬಿ ಹರಿಯುತ್ತಿದ್ದಳು. ದೋಣಿ ಅಡ್ಡಡ್ಡ ತಿರುಗುತ್ತ ಸೇತುವೆಯ ಕಂಬಗಳತ್ತ ಸಾಗಿತ್ತು. ದೋಣಿಯ ತಳದಲ್ಲಿ ಅವನ ಅಣ್ಣ ಯಲ್ಲಾಲಿಂಗ ಮಲಗಿದ್ದ, ಬೆಳಿಗ್ಗೆ ನಡುಗಡ್ಡೆಯ ಮನೆಯಲ್ಲಿ ಎದೆ ಹಿಡಿದುಕೊಂಡು ಕುಸಿದವನು. ದಂಡೆಯಲ್ಲಿ ಜೀಪು ಕಾದಿತ್ತು. ಅಲ್ಲಿಂದ ದೇವದುರ್ಗದ ಆಸ್ಪತ್ರೆ ದೂರವಿರಲಿಲ್ಲ. ಅಪ್ಪ ಹೋದ ಮೇಲೆ ಮೌನಪ್ಪನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವನು ಈ ಅಣ್ಣ. ಅವನಿಲ್ಲದ ಮನೆಯನ್ನು ನೆನೆದರೇ ಮೌನಪ್ಪನಿಗೆ ಕೈಕಾಲು ಆಡುತ್ತಿರಲಿಲ್ಲ.

"ಅತ್ತಿಗಿ, ಅಣ್ಣ ಹೆಂಗ ಅದಾನ?"

ಗೋಪಮ್ಮ ಗಂಡನ ಅಂಗಾಲು ತಿಕ್ಕುವುದನ್ನು ನಿಲ್ಲಿಸಿದ್ದಳು. ಮುಖಕ್ಕೆ ಬಿಸಿಲು ಬೀಳದಂತೆ ಸೆರಗು ಅಡ್ಡ ಹಿಡಿದಳು.

"ಈಗೇನೂ ತ್ರಾಸಿಲ್ಲ ಅವ್ರಿಗೆ. ನೀ ಮೋಟಾರ್ ನೋಡಪಾ."

ಮೋಟಾರನ್ನು ಕೈಯಿಂದ ಎಳೆದು ಎಬ್ಬಿಸುವ ಹಗ್ಗವಾದರೂ ಇದೆಯಲ್ಲ ಎಂದು ಅದನ್ನು ಜಗ್ಗಿದ. ಅದು ಬುಡಸಮೇತ ಕಿತ್ತು ಬಂತು. ಇನ್ನು ಮುಚ್ಚಳ ತೆಗೆದು, ಮೇಲಿನ ಚಕ್ರಕ್ಕೆ ಏನಾದರೂ ಸುತ್ತಿ ಎಳೆಯುವುದೊಂದೇ ದಾರಿ. ದೋಣಿ ಕಟ್ಟುವ ಹಗ್ಗ ದಪ್ಪವಾಗಿ ಚಕ್ರದ ಸಂದಿಯಲ್ಲಿ ಕೂರಲಿಲ್ಲ. ಟವಲು ಜಾರಿತು. ಗೋಪಮ್ಮ ಸೀರೆಯ ಅಂಚು ಹರಿದು ಕೊಟ್ಟಳು, ಅದು ಎರಡು ತುಂಡಾಯಿತು. ಕಂಬಗಳಿಗೆ ನೀರು ಬಡಿಯುವ ಸದ್ದು ಈಗ ಕೇಳಿಸುತ್ತಿತ್ತು.

"ಅಣ್ಣನ್ನ ಮಾತಾಡ್ಸು ಅತ್ತಿಗಿ, ನಿದ್ದಿ ಮಾಡಾಕ ಬಿಡಬ್ಯಾಡ!"

"ಮಲಗ್ಲಿ ಬಿಡು."

ಮೌನಪ್ಪನಿಗೆ ಮೈಯೆಲ್ಲ ಉರಿಯಿತು. ಗಂಡ ಹೀಗೆ ಬಿದ್ದಿದ್ದಾನೆ, ಇವಳ ಕಣ್ಣಲ್ಲಿ ಒಂದು ಹನಿ ನೀರಿಲ್ಲ, ಬೇಗ ಹೋಗು ಎಂಬ ಮಾತಿಲ್ಲ. ಹೆಣ್ಣೋ ಕಲ್ಲೋ?

"ಗಂಡ ಬದುಕೋದು ಬ್ಯಾಡಾಗ್ಯದೇನು ನಿನಗ?" ಎಂದು ಕೂಗಿಯೇ ಬಿಟ್ಟ.

ಅವಳು ಬೆನ್ನು ತಿರುಗಿಸಿ ಗಂಡನ ಮೇಲೆ ಬಾಗಿದಳು. ತುಸು ಹೊತ್ತಿಗೆ ಹಿಂದೆ ತಿರುಗಿ ಮೈದುನನ ಅಂಗೈಗೆ ಒಂದು ದಾರ ತುರುಕಿದಳು.

"ಇದು ಗಟ್ಟಿ ಅದ. ಎಳಿ ತಮ್ಮಾ, ನೀ ದಂಡಿ ಮುಟ್ಟಬೇಕು."

ನೋಡುವ ಪುರುಸೊತ್ತೆಲ್ಲಿ? ದಾರದ ಗಂಟನ್ನು ಚಕ್ರದ ಕಚ್ಚಿಗೆ ಸಿಕ್ಕಿಸಿ, ಸುತ್ತಿ, ಹಲ್ಲು ಕಚ್ಚಿ ಎಳೆದ. ಮೋಟಾರು ಕೆಮ್ಮಿತು. ಮತ್ತೆ ಸುತ್ತಿ ಎಳೆದ. ಗುಡುಗಿತು! ಕಂಬ ಇನ್ನೇನು ಮಾರು ದೂರವಿದೆ ಎನ್ನುವಾಗ ದೋಣಿ ಮೂತಿ ತಿರುವಿ ದಂಡೆಯತ್ತ ಓಡಿತು.

"ಅಣ್ಣಾ, ಉಳಿದ್ವಿ ನೋಡೋ!" ಎಂದು ಮೌನಪ್ಪ ನಗುತ್ತ ಕೂಗಿದ.

ಆಗ ಗೋಪಮ್ಮ ಗೊಳೋ ಎಂದು ಅತ್ತಳು. ಏನೂ ತಿಳಿಯದೆ ಅವಳನ್ನು ನೋಡಿದ. ಆಮೇಲೆ ತನ್ನ ಕೈಯಲ್ಲಿದ್ದ ಕರಿದಾರವನ್ನು ನೋಡಿದ.

ಅಣ್ಣನ ಉಡಿದಾರ. ಉಸಿರಿರುವ ಗಂಡಸಿನ ಸೊಂಟದಿಂದ ಅದನ್ನು ಯಾವ ಹೆಂಡತಿಯೂ ಬಿಚ್ಚುವುದಿಲ್ಲ.