ಗುಂಡು ಮೊದಲೋ, ಸದ್ದು ಮೊದಲೋ

ಹೊಸ ಗಡಿಗೆಗೆ ನೀರು ಹೊಯ್ದಾಗ ಏಳುವ ಮಣ್ಣಿನ ವಾಸನೆಗೆ ಈಗಲೂ ನನ್ನ ಎದೆ ಹಿಂಡುತ್ತದೆ.

ಗಲಭೆಯ ವರ್ಷ ನನ್ನ ಅಣ್ಣ ಗುಂಡು ತಗುಲಿ ಸತ್ತಿದ್ದ. ಸದ್ದು ಕೇಳಿ ಮಗ ಎಷ್ಟು ಅಂಜಿದನೋ ಎಂಬುದೇ ಅವ್ವನ ಕೊರಗು.

"ಸದ್ದಿಗಿಂತ ಗುಂಡು ಮೊದಲ ಬರ್ತೈತಿ ಅಕ್ಕಾ. ಅವಗೇನೂ ಕೇಳ್ಸಿರಂಗಿಲ್ಲ," ಎಂದರು ಸಾಲಗುಂದದ ಸೋದರಮಾವ. ಅವ್ವ ನಂಬಲಿಲ್ಲ.

ಒಂದು ಮಧ್ಯಾಹ್ನ ಮಾವ ಬೇಟೆಯ ಬಂದೂಕು ತಂದು, ಹೊಲದಾಚೆಯ ಬೇವಿನ ಮರಕ್ಕೆ ನೀರು ತುಂಬಿದ ಹೊಸ ಗಡಿಗೆ ಕಟ್ಟಿದರು. ನಮ್ಮನ್ನು ಮರದ ಸನಿಹದಲ್ಲೇ, ಗುಂಡಿನ ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲಿಸಿ, ತಾವು ಈಚೆಯ ಬದುವಿಗೆ ಹೋಗಿ ಗುರಿಯಿಟ್ಟರು. ಗಡಿಗೆ ಒಡೆದು ನೀರು ಸುರಿಯಿತು. ಸದ್ದು ಆಮೇಲೆ ಬಂತು.

"ಒಮ್ಮೆ ನೋಡಿದ್ರ ಖರೇ ಅನ್ನಾಕ ಬರಂಗಿಲ್ಲ. ಇನ್ನೊಂದು ಕಟ್ಟೋ," ಎಂದಳು ಅವ್ವ.

ಮತ್ತೆಯೂ ಹಾಗೇ ಆಯಿತು.

ಒದ್ದೆ ಚೂರುಗಳನ್ನು ಸೆರಗಿಗೆ ಆಯ್ದುಕೊಳ್ಳುತ್ತ ಅವ್ವ ಕುಸಿದಳು.

"ಹಂಗಾದ್ರ ಅವಗ 'ಅವ್ವಾ' ಅಂತ ಕರ್ಯಾಕೂ ಆಗಿಲ್ಲ."